ಜಡವಸ್ತು ದಾಸ್ತಾನು

ಕುರ್ಚಿಗೆ ಬೆನ್ನಿದೆ, ಬೀರುವಿಗೆ ಬೆನ್ನಿದೆ.
ಸಂಖ್ಯೆ ಅಲ್ಲೇ, ಬಿಳಿ ಬಣ್ಣದಲ್ಲಿ,
ಇಪ್ಪತ್ತಾರು ವರ್ಷದಿಂದ ಬರೆದಿದ್ದೇನೆ.
ಬೆನ್ನನ್ನು ಗೋಡೆಗೆ ಕೊಟ್ಟುಬಿಟ್ಟ ಇದಕ್ಕೆ
ಎಲ್ಲಿ ಬರೆಯಲಿ?

ಉದ್ದ ಇಪ್ಪತ್ತೆರಡು ಅಡಿ. ಎತ್ತರ ಒಂಬತ್ತು,
ಒಂದು ಕಡೆ ಆರೂವರೆ. ಕಬ್ಬಿಣ, ತಾಮ್ರ,
ಹಾಸನದ ಮಾರ್ಕೆಟ್ಟಿನಲ್ಲಿ ಆಲೂಗಡ್ಡೆ ಜರಡಿ ಹಿಡಿದು
ಗುಜರಿಗೆ ಬಿದ್ದಿದ್ದ ಜಾಲರಿ, ತುಂಡು ಎರಡು.
ಇಷ್ಟು ಬರೆದೆ. ಆಮೇಲೆ 'ವಿವರ' ಅನ್ನುವ ಕಲಂ.
ಪೆನ್ನು ಅಲ್ಲಿ ನಿಂತಿತು.

ಜವರಪ್ಪನ ಪ್ರಕಾರ ಅದು ಬಿದ್ದ ಸೂರು.
ಬಿ.ಎಸ್ಸಿ. ಹುಡುಗಿಯರಿಗೆ ಸಮೋಸ.
"ಬಸ್ಸು ಹತ್ತಿದರೆ ಗಂಟೆಯಲ್ಲಿ ಬೇಲೂರು,
ಇದೇನ್ರೀ ಇದು, ಮೂಗಿಲ್ಲ, ಮುಖವಿಲ್ಲ"
ಅಂದರು ಕುಲಸಚಿವರು, ಸಹಿ ಮಾಡುತ್ತಲೇ.
ಶಿಲ್ಪಿಯನ್ನೇ ಕೇಳಿದೆ, ಫೋನಿನಲ್ಲಿ.
ಸರ್ವಮಂಗಳಾ ಅಂತ ಹೆಸರು, ಮಾತು ಕಡಿಮೆ.
"ಏನಂತ ಬರೆಯಲಿ ಮೇಡಂ?"
"ಎಷ್ಟು ಜಾಗ ಇದೆ?"
"ಒಂದೂವರೆ ಅಂಗುಲ."
ಆಚೆಯಿಂದ ನಗು. ಯಾರೋ ಬಾಗಿಲು ತಟ್ಟಿದರು, ಇಟ್ಟರು.

ಕೂಲಿಯ ಚೆಕ್ಕಿಗೆ ಬಂದ ವೆಲ್ಡಿಂಗಿನ ಬಾಸಿತ್ ಭಾಯಿ
ತಲೆಯೆತ್ತಿ ಬೆರಳು ತೋರಿದರು:
"ಎಲ್ಲ ಬೆಸುಗೆ ನಂದು. ಆ ಒಂದು ಬಿಟ್ಟು.
ಅದು ಅವರೇ ಹಾಕಿದ್ದು. ಸೊಟ್ಟ.
ಉಜ್ಜಿಬಿಡ್ತೀನಿ ಅಂದೆ, ಬೇಡ ಅಂದ್ರು."
ಇರುವೆ ಸಾಲು ನೀರು ಕಂಡು ತಿರುಗಿದ ಹಾಗೆ,
ಒಂದು ಗೆಣ್ಣು ದಪ್ಪ, ಒಂದು ಸಣ್ಣ.
ಅವತ್ತಿನಿಂದ ನನಗೆ ಅದೊಂದೇ ಕಾಣುತ್ತದೆ.

ಆಡಿಟ್ಟಿಗೆ ಎರಡು ದಿನ.
ಜವರಪ್ಪ ಏಣಿ ಹಿಡಿದ. ಸೆರಗು ಸಿಕ್ಕಿಸಿ ಹತ್ತಿದೆ.
ಹತ್ತಿರದಿಂದ ಅದು ಏನೂ ಅಲ್ಲ. ಬಿಸಿ.
ನಾಲ್ಕು ಗಂಟೆಯ ಬಿಸಿಲು ಕುಡಿದ ತಗಡು.
ಅಂಗೈ ಇಟ್ಟೆ, ತೆಗೆಯಲಿಲ್ಲ,
ಕೆಳಗಿನಿಂದ "ಅಮ್ಮಾ, ಏಣಿ ಜಾರ್ತದೆ" ಅನ್ನುವವರೆಗೆ.
ಸೊಟ್ಟ ಬೆಸುಗೆಯ ಕೆಳಗೆ, ಬೆಂಕಿಕಡ್ಡಿಯ ಉದ್ದಕ್ಕೆ,
ಜ.ದಾ. ೧೧೭.
ಏಳರ ಬಾಲ ಸ್ವಲ್ಪ ಸೋರಿತು. ಒರೆಸಲಿಲ್ಲ.

ಮೊನ್ನೆ ಮೈಸೂರಿನ ಕಡೆಯ ಪ್ರೊಫೆಸರೊಬ್ಬರು,
ಸುತ್ತ ಹುಡುಗರು. "ಇಲ್ಲಿ ನೋಡಿ, ಈ ಸಂಖ್ಯೆ,
ಸೋರುತ್ತಿರುವ ಈ ಏಳು,
ಇಡೀ ಕೃತಿಯ ಕೀಲಿಕೈ ಇದೇ."
ಹುಡುಗರು ಬರೆದುಕೊಂಡರು.
ನಾನು ಫೈಲನ್ನು ಎದೆಗೆ ಒತ್ತಿಕೊಂಡು
ಕೆಮ್ಮು ಬಂದವಳ ಹಾಗೆ ದಾಟಿದೆ.

ವಿವರದ ಕಲಂ ಇನ್ನೂ ಖಾಲಿ.
ಆಡಿಟ್ಟಿನವರು ಅದರ ಸುತ್ತ ಕೆಂಪು ಗೆರೆ ಎಳೆದಿದ್ದಾರೆ.
ಉತ್ತರಕ್ಕೆ ಮೂವತ್ತು ದಿನ.
ಇವತ್ತು ಇಪ್ಪತ್ತೊಂಬತ್ತು.