ಸಾ ಹಿಡಕೊಂಡು ನೀಗೆ

ನಮ್ಮಪ್ಪ ಮಾರುತೆಪ್ಪ ನಲವತ್ತೊಂದು ವರ್ಷ
ಹಂದರದ ಹೊರಗ ನಿಂತು ಊದಿದಾ.
ಒಳಗ ಅಕ್ಕಿಕಾಳು ಬೀಳೋ ಹೊತ್ತಿಗೆ
ಯಾರೋ ಕೈ ಬೀಸಿ, "ಏ, ಜೋರ್ ಊದೋ" ಅಂದ್ರ
ಗಲ್ಲ ಉಬ್ಬಿಸಿ ಜೋರ್ ಊದಿದಾ.
ಯಾವ ರಾಗ ಅಂತ
ಒಬ್ಬರೂ ಕೇಳಲಿಲ್ಲ.

ಮನಿಗೆ ಬಂದು ಪತ್ತಿ ಒರಸ್ಕೋತ ತಾನ ಹೇಳತಿದ್ದ:
"ಇವತ್ತ ಮುಲ್ತಾನಿ ಊದಿದ್ನವಾ.
ಪಂಗತಿ ನಡದಿತ್ತು. ಹೋಳಿಗಿ ಬಡಸೋ ಹುಡುಗ
ಬುಟ್ಟಿ ಹಿಡಕೊಂಡು ಒಂದ್ ಗಳಿಗಿ ನಿಂತಾ.
ಅಂವಗ ಗೊತ್ತಾಗಿರಬೇಕು."
ಆ ಹುಡುಗನ ಸುದ್ದಿ
ಮಳಿಗಾಲ ಮುಗಿಯೋ ತನಕ ನಡೀತು.

ನಾ ವಿಜಯಪುರಕ್ಕ ಕಲಿಯಾಕ ಹೋದಾಗ
ಮಾಸ್ತರು ಹಾಜರಿ ಪುಸ್ತಕದಾಗ ಬೆರಳಿಟ್ಟು
"ಭಜಂತ್ರಿ ಅಂದ್ರ ಬಾಜಾದವರೇನು?" ಅಂದ್ರು.
"ಲಗ್ನದ ವಾದ್ಯ ಬ್ಯಾರೆ, ಶಾಸ್ತ್ರೀಯ ಬ್ಯಾರೆ, ತಿಳೀತಾ?"
ತಿಳೀತ್ರಿ ಅಂದೆ.
ಅವರು ಆ ತಿಂಗಳೆಲ್ಲ ಕಲಿಸಿದ್ದನ್ನ
ನಾನು ಅವ್ವ ಕಸಬರಿಗಿ ಕಟ್ಟೋ ಸಪ್ಪಳದಾಗ
ಆರನೇ ವರ್ಷಕ್ಕ ಕೇಳಿದ್ದೆ.

ಈಗ ಬನಹಟ್ಟಿಯೊಳಗ ಐತವಾರಕ್ಕೊಮ್ಮೆ
ಈರಪ್ಪ ಕುಂಚನೂರರ ಮಗ್ಗದ ಶೆಡ್ಡಿನ ಮೂಲ್ಯಾಗ ನನ್ನ ಸಾಲಿ.
ಹುಡುಗ್ರು ಹನ್ನೊಂದು, ಶಹನಾಯಿ ಎರಡು.
ಒಂದು ಸೀಳೇತಿ, ಹಾಸಿನ ನೂಲು ಸುತ್ತೇವಿ.
ಆದ್ರ ಪತ್ತಿ ಮಾತ್ರ ಒಬ್ಬೊಬ್ಬರದು ಒಂದೊಂದು,
ಹನ್ನೊಂದು ಕಡ್ಡಿಪೆಟ್ಟಿಗಿ,
ಒಂದೊಂದರ ಮ್ಯಾಲ ಪೆನ್ನಿಲೆ ಹೆಸರು.
ನದಾಫರ ಮುಮ್ತಾಜ ತನ್ನದಕ್ಕ ಬೀಗದ ಚಿತ್ರ ಬರದಾಳ.

ಮೊದಲ ಕಛೇರಿ ಇಟ್ಟ ದಿನ
ಮೂರರಿಂದ ನಾಲ್ಕರ ತನಕ ಅಂತ ಮಾತಾಗಿ
ಈರಪ್ಪನವರು ಮೇನ್ ಸ್ವಿಚ್ ಎಳದ್ರು.
ಇಪ್ಪತ್ತನಾಲ್ಕು ಮಗ್ಗ ಒಮ್ಮೆಲೆ ಸುಮ್ಮಾದವು.
ಓಣಿ ಮಂದಿ ಗಾಬರಿಯಾಗಿ ಓಡಿ ಬಂದ್ರು:
"ಯಾರ್ ಹೋದ್ರಿ? ಯಾವಾಗ?"
ಯಾರೂ ಹೋಗಿಲ್ಲ, ಹುಡುಗ್ರು ಊದತಾರ, ಕುಂದರ್ರಿ ಅಂದೆ.
ಬಂದವರು ವಾಪಸ್ ಹೋಗಾಕ ನಾಚಿ
ನೂಲಿನ ಗಂಟಿನ ಮ್ಯಾಲ ಕುಂತ್ರು.

ಅಪ್ಪ ಒಳಗ ಬರಲಿಲ್ಲ.
ಹಲ್ಲಿಲ್ಲ, ಈಗ ಊದಂಗಿಲ್ಲ.
ಬಾಗಲ ಹೊರಗ, ಚಪ್ಪಲಿ ಬಿಟ್ಟಲ್ಲೆ,
ರೂಢಿ ಜಾಗಾದಾಗ ಕುಂತಾ.
ನಾ ಎರಡು ಸಲ ಕರದೆ.
ಮೂರನೇ ಸಲ ಕರೀಲಿಲ್ಲ.

ಲಕ್ಕವ್ವ ಮಾದರ, ಏಳನೇತ್ತಾ, ಸಾಲಿ ಅಂಗಿಯೊಳಗ,
ಕಣ್ಣು ಮುಚ್ಚಿ ಸುರು ಮಾಡಿದಳು.
ಮಧ್ಯಮದ ತನಕ ಛಂದ ಹೋತು.
ಮಂದಿ ಉಸಿರು ಹಿಡದು ಕುಂತಾರ,
ಒಂದು ಗುಬ್ಬಿ ಪತ್ರಾಸಿನ ಸಂದ್ಯಾಗ.
ಮ್ಯಾಲ ಏರೋವಾಗ
ಹೊರಗಿಂದ ಗರಗರ ದನಿ ಬಂತು:
"ಸಾ ಹಿಡಕೊಂಡು ನೀಗೆ ಇಳೀಬೇಕವಾ!
ಬರೀ ನೀ ಹಚ್ಚಬ್ಯಾಡ, ಬತ್ತಲಿ ಕಾಣತೈತಿ!"

ಲಕ್ಕವ್ವ ನಿಲ್ಲಿಸಿದಳು.
ಅಪ್ಪ ಚಪ್ಪಲಿ ನಡುವ ಕುಂತು, ಬೊಚ್ಚ ಬಾಯಿಲೆ
ಆ ನಿಷಾದ ಹಾಡಿ ತೋರಿಸಿದಾ,
ಮ್ಯಾಲಿಂದ ಕೆಳಗ, ತೊಟ್ಟಿಲೊಳಗ ಕೂಸು ಮಲಗಿಸಿದಂಗ.
ಮಂದಿ ಗಂಟಿನ ಮ್ಯಾಲ ಕುಂತಲ್ಲೇ ತಿರಿಗಿದ್ರು.
ನಾವು ಹಚ್ಚಿದ ಬ್ಯಾನರು, ಮೈಕು, ಹೂವಿನ ಹಾರ
ಎಲ್ಲಾ ಅವರ ಬೆನ್ನಿಗೆ ಹೋತು.
ಲಕ್ಕವ್ವ ಮಂದಿ ನಡುವ ದಾರಿ ಮಾಡಿಕೊಂಡು
ಬಾಗಲ ತನಕ ಹೋಗಿ
ಹೊಸ್ತಿಲ ಮ್ಯಾಲ ನಿಂತು ಮತ್ತ ಊದಿದಳು.
ಅಪ್ಪ ತಲಿ ಹಾಕಿದಾ.
ಮತ್ತೊಮ್ಮೆ ಅಂದಾ. ಮತ್ತೊಮ್ಮೆ.
ನಾಲ್ಕು ಹೊಡದು ಹತ್ತು ನಿಮಿಷ ಆದ್ರೂ
ಈರಪ್ಪನವರು ಗಡಿಯಾರ ನೋಡಲಿಲ್ಲ,
ಅಥವಾ ನೋಡಿರಬೇಕು.

ಚಪ್ಪಲಿ ಹುಡುಕೋವಾಗ ಕಂಡಕಿ ಸುತ್ತೋ ಮುದುಕಿಯೊಬ್ಬಾಕಿ
ಅಪ್ಪನ ಮುಂದ ಬಗ್ಗಿ ಕೇಳಿದಳು:
"ಯಣ್ಣಾ, ಅದು ಯಾವ ರಾಗಪಾ?"

ಅಪ್ಪ ಬಾಯಿ ತೆಗದಾ.
ನಲವತ್ತೊಂದು ವರ್ಷ ನಾಲಿಗಿ ತುದಿಗೆ ಇದ್ದದ್ದು
ಆ ಹೊತ್ತಿಗೇ ಬರಲಿಲ್ಲ.
ನನ್ನ ಕಡೆ ನೋಡಿದಾ. ನನಗೂ ಗಂಟಲು ಕಟ್ಟಿತ್ತು.

ಪತ್ತಿ ಒರೆಸಿ ಕಡ್ಡಿಪೆಟ್ಟಿಗಿಯೊಳಗ ಇಡತಾ
ಲಕ್ಕವ್ವ ತಲಿ ಎತ್ತದನ ಅಂದಳು:
"ಭೀಮಪಲಾಸ್ ಆಯಿ.
ಬರೋ ಐತವಾರ ಇನ್ನೊಂದ್ ಐತಿ."
ಅಷ್ಟರಾಗ ಮಗ್ಗ ಸುರುವಾದವು,
ಮುದುಕಿ ಏನಂದಳೋ ಕೇಳಲಿಲ್ಲ.