ಇಂಚಿಗೊಂದು ಮೈಲಿ

ಇಪ್ಪತ್ತೊಂಬತ್ತು ವರ್ಷ ಸರ್ವೆ ಆಫೀಸಿನಲ್ಲಿ ಕೂತು
ಟ್ರೇಸಿಂಗ್ ಬಟ್ಟೆಯ ಮೇಲೆ ಈ ಊರನ್ನು ಎಳೆದೆ.
ದೊರೆಗಳು ಬಿಟ್ಟುಹೋದ ಕಾಗುಣಿತದಲ್ಲಿ: ಚಿತಲ್‌ಡ್ರೂಗ್.
ಬಾಯಲ್ಲಿ ಬೆಣಚುಕಲ್ಲಿಟ್ಟುಕೊಂಡು ಕರೆದ ಹಾಗೆ.
ದಾವಣಗೆರೆಯಿಂದ ಬಸ್ಸಿಗೆ ಬರೀ ಒಂದೂವರೆ ತಾಸು.
ಬಂದಿರಲಿಲ್ಲ.

ರಿಟೈರಾದ ಮರುತಿಂಗಳು ತಂಗಿಯೇ ಎಳೆದು ತಂದಳು:
"ಎರಡು ಹಗಲು, ಒಂದು ರಾತ್ರಿ. ಲಾಡ್ಜಿನ ದುಡ್ಡು ನಂದು."

ಗುಮಾಸ್ತ ರಿಜಿಸ್ಟರ್ ತಿರುಗಿಸಿದ. ಬಂದ ಉದ್ದೇಶ?
ವನಜಾಕ್ಷಿ ಬರೆದಳು: ಸುಮ್ಮನೆ.
ಯಾವ ಕಡತದಲ್ಲೂ ನಾನು ಕಾಣದ ಕಾರಣ.

ಬೆಳಿಗ್ಗೆ ಮಂಡಕ್ಕಿ, ಮೆಣಸಿನಕಾಯಿ, ಎರಡೆರಡು ಚಹಾ.
ಮೊದಲ ಬಾಗಿಲಲ್ಲೇ ಕಲ್ಲಿನ ಹಾವು ಹೆಡೆಯೆತ್ತಿತ್ತು,
ದಾರಿ ಅದರಂತೆಯೇ ಹೊರಳಿತು.
ಈ ಹೊರಳು ನನಗೆ ಗೊತ್ತು.
ಕೂದಲಿನಷ್ಟು ಸಣ್ಣ ನಿಬ್ಬಿನಲ್ಲಿ
ಉಸಿರು ಹಿಡಿದು ತಿರುಗಿಸಿದ್ದೇನೆ ಇದನ್ನು.
ಆದರೆ ಎತ್ತರದ ಗೆರೆಗಳು ಒತ್ತೊತ್ತಾಗಿ ಬಂದಲ್ಲೆಲ್ಲ
ಮಂಡಿ ನೋಯುತ್ತದೆಂದು
ಯಾವ ನಕಾಶೆ ಹೇಳಿತ್ತು?

ಕಿಂಡಿಯ ಮುಂದೆ ಗೈಡು ಓಬಳೇಶಪ್ಪ
ಕೊಡೆಯನ್ನೇ ಒನಕೆ ಮಾಡಿ ಎತ್ತಿ ತೋರಿಸಿದ.
ಐವತ್ತೆಂಟರ ನನ್ನ ತಂಗಿ
ಸೆರಗು ಸಿಕ್ಕಿಸಿ, ಆ ಬಿರುಕಲ್ಲಿ ತೂರಿ, ಸಿಕ್ಕಿಕೊಂಡು,
"ಅಕ್ಕಾ ಎಳಿಯೇ!"
ಎಳೆದೆ. ನಗು ಮೊದಲು ಬಂತು, ಆಮೇಲೆ ಅವಳು.

ನಕಾಶೆಯಲ್ಲಿ ಖಾಲಿ ಬಿಟ್ಟಿದ್ದ ಒಂದು ಬಂಡೆಯ ನೆರಳಲ್ಲಿ
ಸೌತೆಕಾಯಿ ಸೀಳಿ ಖಾರ ಸವರುವ ಹೆಂಗಸು.
ಅವಳ ಬುಟ್ಟಿಗೆ ಕೋತಿಯ ಕಣ್ಣು.
ನನಗೆ ನಾಚಿಕೆಯಾಯಿತು, ಯಾಕೋ.

ಆಮೇಲೆ ಹೊಂಡ. ಅಕ್ಕ ತಂಗಿ ಹೊಂಡ.
"ಇದರಲ್ಲಿ ಅಕ್ಕ ಯಾವುದು?"
ಮೇಲಿನದು. ಅದು ತುಂಬಿ ಹರಿದರೆ ಇದಕ್ಕೆ ನೀರು.
"ತುಂಬದಿದ್ದರೆ?"
ನಾನು ಮಾತಾಡಲಿಲ್ಲ.
ಅಪ್ಪ ಸತ್ತ ವರ್ಷ ಅವನ ಕುರ್ಚಿ ನನಗೆ ಬಂತು,
ಕಾಲೇಜು ಅವಳಿಗೆ.
ಅವಳು ಮೆಟ್ಟಿಲಿಳಿದು ಹಸಿರು ನೀರಿಗೆ ಬೆರಳದ್ದಿ
"ತಣ್ಣಗಿದೆ," ಅಂದಳು, "ನೀನೂ ಮುಟ್ಟು."

ಇಂಚಿಗೊಂದು ಮೈಲಿಯ ಅಳತೆಯಲ್ಲಿ
ಈ ಎರಡನ್ನೂ ಸೇರಿಸಿ ಒಂದೇ ಚುಕ್ಕಿ ಇಟ್ಟಿದ್ದೆ,
ಗುಂಡುಪಿನ್ನಿನ ತಲೆಗಿಂತ ಚಿಕ್ಕದು.
ಅಳತೆಯ ದೋಷ, ನನ್ನದಲ್ಲ
ಎಂದು ಮೇಲಧಿಕಾರಿಗೆ ಹೇಳುವಂತೆ ನೀರಿಗೆ ಹೇಳಿದೆ.

ರಾತ್ರಿ ಕಿಟಕಿಯಾಚೆ ಗುಡ್ಡದ ಗಾಳಿಗಿರಣಿಗಳ
ಕೆಂಪು ದೀಪ ಕಣ್ಣು ಮಿಟುಕಿಸಿದವು.
ಮುಲಾಮು ಹಚ್ಚಿದ ನಾಲ್ಕು ಮಂಡಿಗಳ ವಾಸನೆ.
ಚಿಕ್ಕಂದಿನಂತೆಯೇ ಇಡೀ ಕಂಬಳಿ ಎಳೆದುಕೊಂಡು ಮಲಗಿದಳು.

ಚಂದ್ರವಳ್ಳಿಗೆ ಹೋಗಲಾಗಲಿಲ್ಲ.
ಮರುದಿನ ಎದ್ದಾಗಲೇ ಹತ್ತು ಗಂಟೆ, ಕಾಲಲ್ಲಿ ಬೊಬ್ಬೆ.

ವಾಪಸು ಬಸ್ಸಿನಲ್ಲಿ, ಕೈ ಸುಮ್ಮನಿರದೆ
ಟಿಕೇಟಿನ ಹಿಂದೆ ಬರೆದೆ:
ಒಂದು ಹೊಂಡ, ಇನ್ನೊಂದು ಹೊಂಡ,
ನಡುವೆ ನೀರಿನ ಗೆರೆ.
ಭರಮಸಾಗರದ ಹತ್ತಿರ ಬಸ್ಸು ಕುಲುಕಿ
ಗೆರೆ ಟಿಕೇಟು ದಾಟಿ ನನ್ನ ಸೀರೆಯ ಮೇಲೆ ಹೋಯಿತು.

ಅವಳು ಇಣುಕಿ ಕೇಳಿದಳು:
"ಏನೇ ಅದು, ಕನ್ನಡಕವಾ?"

ಹೌದು, ಅಂದೆ.