ಏಳರ ಗುಂಡಿ

ಹನ್ನೊಂದು ಯೂರೋ. ಬೆಲ್ಮೀರೊ ಅದನ್ನು
ಸ್ಕ್ರೂ ತುಂಬಿದ ಬಿಸ್ಕತ್ತಿನ ಡಬ್ಬಿಯಿಂದ ಎತ್ತಿ
ಅಂಗಿಯ ತುದಿಗೆ ಒರೆಸಿ ಕೊಟ್ಟ.
ಮಡಚಿದರೆ ಟಪ್ಪೆನ್ನುತ್ತದೆ,
ಬಾಯಿ ಮುಚ್ಚಿಕೊಂಡ ಸಿಂಪಿಯ ಹಾಗೆ.
"ಇದರಲ್ಲಿ ಏನೂ ಇಲ್ಲ ಮತ್ತೆ," ಅಂದ.
"ಅದಕ್ಕೇ," ಅಂದೆ.

ನಾನು ಸೆತೂಬಲ್‌ನ ದೋಣಿಯವಳು.
ಇಪ್ಪತ್ತೆರಡು ವರ್ಷದಿಂದ ಸಾಡೊ ನದಿಯ ಬಾಯಿ ದಾಟುತ್ತಿದ್ದೇನೆ,
ಕಾರುಗಳ ಗಾಲಿಗೆ ಮರದ ತುಂಡು ಕೊಟ್ಟು,
ಹಗ್ಗ ಬಿಚ್ಚಿ, ಹಗ್ಗ ಕಟ್ಟಿ.
ಒಂದು ದಾಟಿಗೆ ಇಪ್ಪತ್ತೈದು ನಿಮಿಷ.
ಆ ಇಪ್ಪತ್ತೈದನ್ನು ಯಾರು ತಿಂದರೆಂದು
ನಾನೂ ಕೇಳಿರಲಿಲ್ಲ,
ಮಾರ್ಚಿಯಲ್ಲಿ ಒಬ್ಬ ಹುಡುಗ ಕಟಕಟೆ ಹಿಡಿದು
"ನೋಡಿ! ನೋಡಿ!" ಎಂದು ಕೂಗುವ ತನಕ.
ನೋಡಿದೆ. ಅಂಗೈಯೊಳಗೆ ನೋಡಿದೆ.
ಅಲ್ಲಿ ಯಾರೋ ಯಾವುದೋ ಸಮುದ್ರದ
ಡಾಲ್ಫಿನ್ ಹಿಂಡನ್ನು ಹಾಕಿದ್ದರು.
ತಲೆ ಎತ್ತುವಷ್ಟರಲ್ಲಿ
ನಮ್ಮವು ಮುಳುಗಿದ್ದವು.

ದೊಡ್ಡ ಫೋನನ್ನು ತಂಗಿ ಒಟೀಲಿಯಾಳ ಕೈಗಿಟ್ಟೆ.
ಹೊಲಿಗೆ ಯಂತ್ರದ ಖಾನೆಯಲ್ಲಿ ತಳ್ಳಿ ಬೀಗ ಹಾಕಿದಳು,
ಕುಡುಕನ ಬಾಟಲಿ ಬಚ್ಚಿಡುವವಳ ಮುಖ ಮಾಡಿ.

ಮೊದಲ ವಾರ
ಹೆಬ್ಬೆರಳು ತನ್ನಷ್ಟಕ್ಕೆ ಮಿಡಿಯಿತು.
ಟಿಕೀಟಿನ ಕಟ್ಟಿನ ಮೇಲೆ, ಬ್ರೆಡ್ಡಿನ ಮೇಲೆ,
ನಿದ್ದೆಯಲ್ಲಿ ಹೊದಿಕೆಯ ಮೇಲೆ
ತಳ್ಳುತ್ತಿತ್ತು ಮೇಲಕ್ಕೆ, ಇನ್ನೂ ಮೇಲಕ್ಕೆ,
ಕೆಳಗೆ ಏನೋ ಕಾದಿದೆ ಎನ್ನುವ ಹಾಗೆ.
ಬಾಲ ತುಂಡಾದರೆ ಹಲ್ಲಿ ಓಡಿಹೋಗುತ್ತದೆ,
ಬಿದ್ದ ಬಾಲ ಕುಣಿಯುತ್ತದೆ.
ಓಡಿದ್ದು ಯಾರೋ ತಿಳಿಯದು.
ಕುಣಿದದ್ದು ನನ್ನ ಕೈ.

ಇದರೊಳಗೆ ಅಕ್ಷರಗಳು
ಒಂದೊಂದು ಗುಂಡಿಯಡಿ ಮೂರು ನಾಲ್ಕಾಗಿ ಮಲಗಿವೆ.
ತಟ್ಟಿ ತಟ್ಟಿ ಎಬ್ಬಿಸಬೇಕು.
ನಮ್ಮಲ್ಲಿ ಹೌದು ಎಂದರೆ 'ಸಿಂ':
ಏಳನ್ನು ನಾಲ್ಕು ಸಲ, ನಾಲ್ಕನ್ನು ಮೂರು ಸಲ, ಆರನ್ನೊಮ್ಮೆ.
ಎಂಟು ಒತ್ತು.
ಇಲ್ಲ ಎನ್ನುವುದು ಆರರಲ್ಲೇ ಮುಗಿಯುತ್ತದೆ.
ಐವತ್ತೊಂದು ವರ್ಷ ಇದು ಗೊತ್ತಿರಲಿಲ್ಲ ನನಗೆ,
ಇಲ್ಲ ಎನ್ನುವುದೇ ಅಗ್ಗ!
ಭಾನುವಾರದ ಹೆಚ್ಚುವರಿ ಪಾಳಿಗೆ ಇಲ್ಲ.
ಜುವೆನಾಲ್ ಮತ್ತೆ ಕೇಳಿದ ಸಾಲಕ್ಕೆ ಇಲ್ಲ.
ಬೆರಳು ನೋಯಲಿಲ್ಲ.

ಸುಖವೇ ಎಂದರೆ, ಅಷ್ಟೇನಿಲ್ಲ.
ಬ್ಯಾಂಕಿನ ಗುಟ್ಟಿನ ಅಂಕಿ ಆ ಇನ್ನೊಂದಕ್ಕೇ ಬರುವುದು;
ಸಾಲಿನಲ್ಲಿ ನಿಂತು, ಗಾಜಿನಾಚೆಯ ಹುಡುಗನಿಗೆ
ನಾನು ನಾನೇ ಎಂದು ನಂಬಿಸಬೇಕಾಯಿತು.
ಲಿಸ್ಬನ್‌ನಲ್ಲಿ ಒಬ್ಬನಿಗೆ ದಾರಿ ಕೇಳಿದೆ,
ಅವನು ತನ್ನದನ್ನು ತೆಗೆದು, ಉಜ್ಜಿ, ಎಡಕ್ಕೆ ಎಂದ.
ಬಲಕ್ಕಿತ್ತು.
ಎವೊರಾದಿಂದ ಮಗಳು ಮೊಮ್ಮಗನ ಹಲ್ಲು ಕಳಿಸಿದಳು:
ಬೂದು ಚೌಕ, ನಡುವೆ ಒಂದು ಬಿಳಿ ಚುಕ್ಕೆ.
ಹಲ್ಲೋ, ಹಿಂದಿನ ಕಿಟಕಿಯೋ,
ಎರಡಕ್ಕೂ ಮುತ್ತಿಟ್ಟೆ.

ಕಳಿಸದೆ ಬಿಟ್ಟ ಸಂದೇಶಗಳ ಖಾನೆಯಲ್ಲಿ
ಹಿಂದಿನ ಒಡೆಯರದ್ದೊಂದು ಉಳಿದಿದೆ.
"ಒಲೆ ಆರಿಸಿದ್ದೀಯಾ"
ಪ್ರಶ್ನೆಯ ಚಿಹ್ನೆ ಕೂಡ ಇಲ್ಲ.
ಅಳಿಸಲು ಮನಸ್ಸಾಗಿಲ್ಲ.
ಕೆಲವು ರಾತ್ರಿ ಎದ್ದು ಹೋಗಿ
ನನ್ನ ಒಲೆ ನೋಡಿ ಬರುತ್ತೇನೆ.

ಡಾಲ್ಫಿನ್‌ಗಳು? ಇಲ್ಲ, ಮತ್ತೆ ಕಾಣಲಿಲ್ಲ.
ನೀರು ಕಂಡಿತು. ಬಹಳ ನೀರು.
ಜೊತೆಗೆ ಬೇಸರ. ಚಿಕ್ಕವಳಾಗಿದ್ದಾಗಿನಂಥ
ಉದ್ದನೆಯ, ಹಗ್ಗದಂಥ ಬೇಸರ.
ಅದನ್ನು ಸುತ್ತಿ ಸುತ್ತಿ
ದೋಣಿಯ ಮೂಲೆಯಲ್ಲಿಟ್ಟು ಅದರ ಮೇಲೆ ಕೂತೆ.

ನಿನ್ನೆಯಿಂದ ಏಳರ ಗುಂಡಿ ಕಚ್ಚಿಕೊಂಡಿದೆ.
"ಉಪ್ಪುಗಾಳಿ," ಎಂದ ಬೆಲ್ಮೀರೊ, "ಬಿಡಿಭಾಗ ಸಿಗೋದಿಲ್ಲ."
ಇಲ್ಲ ಎಂದು ಬರೆಯಬಲ್ಲೆ ಎಷ್ಟು ಬೇಕಾದರೂ.
ಹೌದು ಮಾತ್ರ ಮೊದಲಕ್ಷರಕ್ಕೇ ನಿಲ್ಲುತ್ತದೆ.

ಶನಿವಾರ ಬರುತ್ತೀಯಾ, ಕೇಳಿದ್ದಾಳೆ ಮಗಳು.
ಹೆಸರು ಹುಡುಕಿ ಹಸಿರು ಗುಂಡಿ ಒತ್ತಿ
ಕಿವಿಗೆ ಹಿಡಿದು ನಿಂತಿದ್ದೇನೆ.
ಕಾರಿನವರೇ, ಒಂದು ನಿಮಿಷ ತಡೆಯಿರಿ,
ರಿಂಗಾಗುತ್ತಿದೆ.